ತಂಬೂರಿಯ ಶ್ರುತಿಗೆ ಗಿಟಾರು

(ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯ ಹಾಡುಗಾರರೂ ಗಿಟಾರು ಕಲಿಯುತ್ತಿರುವ ಹುಡುಗರೂ ಸೇರಿದ್ದ ಕೊಳ್ಳೇಗಾಲದ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಮಾತಿಗೆ ಮೊದಲು ಒಂದು ಸಣ್ಣ ಪರೀಕ್ಷೆ ಮಾಡೋಣ. ಇಗೋ, ಈ ಎಲೆಕ್ಟ್ರಿಕ್ ಗಿಟಾರಿಗೆ ಇನ್ನೂ ವೈರು ಚುಚ್ಚಿಲ್ಲ. ಹಾಗೆಯೇ ಮೀಟುತ್ತೇನೆ. ಕೇಳಿಸಿತೆ? ಮುಂದಿನ ಎರಡು ಸಾಲಿನವರು ತಲೆಯಾಡಿಸಿದಿರಿ. ಹಿಂದಿನವರ ಮುಖ ನೋಡಿದರೆ ಏನೂ ಕೇಳಿಸಿದಂತಿಲ್ಲ. ಈಗ ಇಲ್ಲಿ ಕುಳಿತಿರುವ ಹಿರಿಯರು ತಮ್ಮ ತಂಬೂರಿಯನ್ನು ಒಮ್ಮೆ ಮೀಟಲಿ. ನೋಡಿ, ಬಾಗಿಲ ಆಚೆ ಚಪ್ಪಲಿ ಬಿಡುತ್ತಿದ್ದವರೂ ತಿರುಗಿ ನೋಡಿದರು.

ತಂಬೂರಿಗೆ ಹೊಟ್ಟೆಯಿದೆ. ತಂತಿಯ ನಡುಕವನ್ನು ಆ ಟೊಳ್ಳು ಹೊಟ್ಟೆ ದೊಡ್ಡದು ಮಾಡಿ ಹೊರಗೆ ಕಳಿಸುತ್ತದೆ. ನನ್ನ ಕೈಲಿರುವುದು ಗಟ್ಟಿ ಹಲಗೆ. ಇದಕ್ಕೆ ಹೊಟ್ಟೆಯಿಲ್ಲ, ಆದ್ದರಿಂದ ದನಿಯೂ ಇಲ್ಲ. ಎಲೆಕ್ಟ್ರಿಕ್ ಗಿಟಾರಿನ ದನಿ ಎಂದು ನಾವು ಕರೆಯುವುದು ಗಿಟಾರಿನಲ್ಲಿ ಹುಟ್ಟುವುದಲ್ಲ. ಅದು ಎಲ್ಲೋ ಬೇರೆ ಕಡೆ, ಸ್ಪೀಕರಿನಲ್ಲಿ, ಕೋಣೆಯಲ್ಲಿ, ಮೈಕಿನಲ್ಲಿ, ಈಗೀಗ ಕಂಪ್ಯೂಟರಿನಲ್ಲಿ ಹುಟ್ಟುತ್ತದೆ. ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಮನೆಯಲ್ಲಿ ಗಿಟಾರು ರೆಕಾರ್ಡು ಮಾಡುವ ಕಷ್ಟವೂ ಸುಖವೂ ಅರ್ಥವಾಗುತ್ತವೆ. ನಮ್ಮ ಸೀಮೆಯ ತಂಬೂರಿ, ಕಂಸಾಳೆಗಳ ಪಕ್ಕದಲ್ಲಿ ಈ ಹಲಗೆಯನ್ನು ಎಲ್ಲಿ ಕೂರಿಸಬೇಕೆಂಬ ಪ್ರಶ್ನೆಗೂ ಅಲ್ಲಿಂದಲೇ ದಾರಿ ಸಿಗುತ್ತದೆ.

ಮೊದಲು ಈ ವಾದ್ಯದ ಹುಟ್ಟಿನ ಕತೆ. ಕಳೆದ ಶತಮಾನದ ಮೂವತ್ತರ ದಶಕದಲ್ಲಿ ಅಮೆರಿಕದ ಕುಣಿತದ ವಾದ್ಯಮೇಳಗಳಲ್ಲಿ ತುತ್ತೂರಿಗಳ ಅಬ್ಬರದ ನಡುವೆ ಗಿಟಾರಿನವನು ಎಷ್ಟು ಬಾರಿಸಿದರೂ ಕೇಳಿಸುತ್ತಿರಲಿಲ್ಲ. ಆಗ ಜಾರ್ಜ್ ಬೋಷಾಂಪ್ ಎಂಬ ವಾದಕ ಮತ್ತು ಅಡಾಲ್ಫ್ ರಿಕನ್‌ಬಾಕರ್ ಎಂಬ ಕಾರ್ಖಾನೆದಾರ ಸೇರಿ ಅಯಸ್ಕಾಂತ ಮತ್ತು ತಾಮ್ರದ ಸುರುಳಿಯಿಂದ ತಂತಿಯ ನಡುಕ ಹಿಡಿಯುವ ಉಪಾಯ ಮಾಡಿದರು. 1932ರಲ್ಲಿ ಮಾರಾಟಕ್ಕೆ ಬಂದ ಅವರ ವಾದ್ಯ ಉದ್ದ ಹಿಡಿಯ ಬಾಣಲೆಯಂತಿತ್ತು, ಜನ ಅದನ್ನು ಬಾಣಲೆ ಎಂದೇ ಕರೆದರು. ಪೇಟೆಂಟು ಸಿಕ್ಕಿದ್ದು 1937ರಲ್ಲಿ. ತತ್ವ ಹೊಸದೇನಲ್ಲ, 1831ರಲ್ಲಿ ಫ್ಯಾರಡೆ ಕಂಡುಕೊಂಡದ್ದೇ: ಸುರುಳಿಯ ಬಳಿ ಅಯಸ್ಕಾಂತದ ಪ್ರಭಾವ ಏರುಪೇರಾದರೆ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಗಿಟಾರಿನ ಪಿಕಪ್ಪಿನಲ್ಲಿ ಕೂದಲಿಗಿಂತ ತೆಳ್ಳಗಿನ ತಾಮ್ರದ ತಂತಿ ಏಳೆಂಟು ಸಾವಿರ ಸುತ್ತು ಇರುತ್ತದೆ. ಅದರ ಮೇಲೆ ಉಕ್ಕಿನ ತಂತಿ ನಡುಗಿದಾಗ ಅಷ್ಟೇ ಸಣ್ಣ ನಡುಕ ವಿದ್ಯುತ್ತಾಗಿ ಹೊರಡುತ್ತದೆ. ಉಕ್ಕು ಎಂದೆ, ಗಮನಿಸಿ. ಹಿತ್ತಾಳೆ ತಂತಿಯ ಮಟ್ಟಿಗೆ ಪಿಕಪ್ಪು ಕಿವುಡು. ತಂಬೂರಿಗೆ ಗಿಟಾರಿನ ಪಿಕಪ್ಪು ಅಂಟಿಸಿ, ಕೆಲಸ ಮಾಡಲಿಲ್ಲ ಎಂದು ನನ್ನ ಬಳಿ ತಂದವರಿದ್ದಾರೆ, ತಪ್ಪು ಪಿಕಪ್ಪಿನದಲ್ಲ.

ಗಿಟಾರಿನ ಇತಿಹಾಸದ ಜೊತೆಗೇ ಮನೆಯ ಸ್ಟುಡಿಯೋದ ಇತಿಹಾಸವೂ ಹೆಣೆದುಕೊಂಡಿದೆ. ಲೆಸ್ ಪಾಲ್ ಎಂಬ ಗಿಟಾರುಗಾರ ಹಾಲಿವುಡ್ಡಿನಲ್ಲಿ ತನ್ನ ಮನೆಯ ಗ್ಯಾರೇಜಿನಲ್ಲೇ ರೆಕಾರ್ಡು ಮಾಡುತ್ತಿದ್ದ. ಪ್ಲೇಟು ಕೊರೆಯುವ ಯಂತ್ರ ಅಲುಗಾಡದೆ ತಿರುಗಲೆಂದು ಕ್ಯಾಡಿಲಾಕ್ ಕಾರಿನ ಭಾರದ ಚಕ್ರವನ್ನು ಅದಕ್ಕೆ ಹಾಕಿದ್ದನಂತೆ. ಒಂದು ಪ್ಲೇಟಿನಲ್ಲಿ ನುಡಿಸಿದ್ದನ್ನು ಕೇಳಿಸಿಕೊಂಡು, ಅದರ ಮೇಲೆ ಇನ್ನೊಂದು ನುಡಿಸಿ, ಎರಡನ್ನೂ ಮತ್ತೊಂದು ಪ್ಲೇಟಿಗೆ ಹಿಡಿದು, ಹೀಗೆ ಒಬ್ಬನೇ ಎಂಟು ಗಿಟಾರುಗಳಾದ. ಆ ಹಾಡು ಹೊರಬಂದದ್ದು 1948ರಲ್ಲಿ. ಒಂದು ಸುತ್ತಿನಲ್ಲಿ ತಪ್ಪಿದರೆ ಹಿಂದಿನ ಪ್ಲೇಟಿನಿಂದ ಮತ್ತೆ ಶುರು. ಇವತ್ತು ಕಂಪ್ಯೂಟರಿನಲ್ಲಿ ನಾವು ಟ್ರ್ಯಾಕಿನ ಮೇಲೆ ಟ್ರ್ಯಾಕು ಹೇರುವುದಕ್ಕೆ ಮೂಲ ಆ ಗ್ಯಾರೇಜು.

ಅಮೆರಿಕದ ಗ್ಯಾರೇಜು ದೂರವೆನಿಸಿದರೆ ಇಲ್ಲಿಂದ ಅರವತ್ತು ಕಿಲೋಮೀಟರು ಆಸುಪಾಸಿನ ಮೈಸೂರಿಗೆ ಬನ್ನಿ. ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುತ್ತಿದ್ದ ಪ್ರೊ. ಎಂ.ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ಪ್ರಸಾರ ಆರಂಭಿಸಿದ್ದು ತಮ್ಮ ಮನೆಯಿಂದಲೇ. ಮೂವತ್ತು ವಾಟಿನ ಪುಟ್ಟ ಯಂತ್ರ. ದೊಡ್ಡ ಬಲ್ಬು ಉರಿಯುವಷ್ಟು ಶಕ್ತಿಯೂ ಅಲ್ಲ. ಅದಕ್ಕೆ ಕೊಟ್ಟ ಹೆಸರು ಆಕಾಶವಾಣಿ. ಮುಂದೆ ಆ ಹೆಸರು ಇಡೀ ದೇಶದ ರೇಡಿಯೊಗೆ ಬಂತು. (ಆಗ ಕೊಳ್ಳೇಗಾಲ ಮೈಸೂರಿಗೆ ಸೇರಿರಲಿಲ್ಲ, 1956ರವರೆಗೂ ಮದ್ರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ರೇಡಿಯೊ ತರಂಗಕ್ಕೆ ಗಡಿ ಗೊತ್ತಿಲ್ಲದ್ದು ಒಳ್ಳೆಯದೇ ಆಯಿತು.) ಆದ್ದರಿಂದ ಮನೆಯ ಮಹಡಿಯ ಮೇಲೆ ಒಂದು ಮೈಕು, ಒಂದು ಕಂಪ್ಯೂಟರು ಇಟ್ಟುಕೊಂಡ ಹುಡುಗನನ್ನು ನೋಡಿ 'ಇದೆಂಥ ಸ್ಟುಡಿಯೋ' ಎಂದು ನಗುವವರಿಗೆ ಹೆದರಬೇಕಿಲ್ಲ.

ಈಗ ಕೆಲಸದ ಮಾತು. ಮನೆಯಲ್ಲಿ ಗಿಟಾರು ರೆಕಾರ್ಡು ಮಾಡಲು ಎರಡು ದಾರಿ. ಒಂದು, ಗಿಟಾರನ್ನು ಆಂಪಿಗೆ ಕೊಟ್ಟು, ಆಂಪಿನ ಸ್ಪೀಕರಿನ ಮುಂದೆ ಮೈಕು ಇಡುವುದು. ಎರಡು, ಗಿಟಾರಿನ ವೈರನ್ನು ನೇರ ಇಂಟರ್‌ಫೇಸಿಗೆ ಚುಚ್ಚಿ ಕಂಪ್ಯೂಟರಿನೊಳಗೆ ಆಂಪಿನ ನಕಲು ಮಾಡುವುದು. ಎರಡನೆಯದು ಅಗ್ಗ, ನೆರೆಯವರ ಜಗಳವಿಲ್ಲ. ಆದರೆ ನೇರ ಚುಚ್ಚಿ ಸುಮ್ಮನೆ ಕೇಳಿದರೆ ದನಿ ಕೀರಲು ಕೀರಲಾಗಿ, ತಗಡಿನ ಮೇಲೆ ಉಗುರು ಎಳೆದಂತಿರುತ್ತದೆ. 'ಗಿಟಾರು ಸರಿಯಿಲ್ಲ' ಎಂದು ಹುಡುಗರು ಬೇಸರಪಡುತ್ತಾರೆ. ಗಿಟಾರು ಸರಿಯಾಗಿಯೇ ಇದೆ. ಗಿಟಾರಿಗೆಂದು ಮಾಡಿದ ಹತ್ತು ಹನ್ನೆರಡು ಇಂಚಿನ ಸ್ಪೀಕರು ಐದು ಸಾವಿರ ಹರ್ಟ್ಸಿನ ಮೇಲಿನ ಚೂಪು ದನಿಯನ್ನು ಬಹುಪಾಲು ನುಂಗಿಹಾಕುತ್ತದೆ. ನಾವು ಹಾಡುಗಳಲ್ಲಿ ಕೇಳಿ ಮೆಚ್ಚಿದ್ದು ಹೀಗೆ ನುಂಗಿಸಿಕೊಂಡ ದನಿಯನ್ನೇ. ಕಂಪ್ಯೂಟರಿನಲ್ಲಿ ಸ್ಪೀಕರ್ ಪೆಟ್ಟಿಗೆಯ ನಕಲನ್ನು ಸೇರಿಸಿದ ಕೂಡಲೇ ಕೀರಲು ಮಾಯವಾಗುತ್ತದೆ. ಇಂಟರ್‌ಫೇಸಿನಲ್ಲಿ ವಾದ್ಯದ ಗುರುತಿರುವ ಗುಂಡಿ ಒತ್ತುವುದನ್ನು ಮಾತ್ರ ಮರೆಯಬೇಡಿ. ಪಿಕಪ್ಪಿನಿಂದ ಬರುವ ವಿದ್ಯುತ್ತು ಬಲು ಬಡಕಲು, ಆ ಗುಂಡಿ ಒತ್ತದಿದ್ದರೆ ದನಿ ಮಂಕಾಗುತ್ತದೆ.

ಮೈಕಿನ ದಾರಿ ನನಗೆ ಹೆಚ್ಚು ಇಷ್ಟ. ಶೂರ್ ಕಂಪನಿಯ ಎಸ್‌ಎಂ 57 ಎಂಬ ಮೈಕು 1965ರಲ್ಲಿ ಬಂದದ್ದು; ಇವತ್ತಿಗೂ ಗಿಟಾರಿನ ಸ್ಪೀಕರಿನ ಮುಂದೆ ಹೆಚ್ಚಾಗಿ ಕಾಣುವುದು ಅದೇ. ಅದನ್ನು ಸ್ಪೀಕರಿನ ಜಾಲರಿಯಿಂದ ಒಂದೆರಡು ಇಂಚು ದೂರದಲ್ಲಿ ಇಡಿ. ಸ್ಪೀಕರಿನ ನಟ್ಟನಡುವೆ ಗುರಿಯಿಟ್ಟರೆ ದನಿ ಚೂಪು, ಅಂಚಿನ ಕಡೆ ಸರಿಸಿದರೆ ಮೃದು. ಬೆರಳಗಲ ಸರಿಸಿದರೂ ದನಿ ಬೇರೆಯಾಗುತ್ತದೆ. ನನ್ನ ಅನುಭವದಲ್ಲಿ, ಕಂಪ್ಯೂಟರಿನಲ್ಲಿ ಒಂದು ಗಂಟೆ ತಿರುಗಿಸುವ ಗುಂಡಿಗಳ ಕೆಲಸವನ್ನು ಮೈಕನ್ನು ಎರಡಿಂಚು ಸರಿಸಿ ಒಂದು ನಿಮಿಷದಲ್ಲಿ ಮುಗಿಸಬಹುದು. ಒಬ್ಬರು ನುಡಿಸುತ್ತಿರಲಿ, ಇನ್ನೊಬ್ಬರು ಹೆಡ್‌ಫೋನ್ ಹಾಕಿಕೊಂಡು ಮೈಕು ಸರಿಸುತ್ತಾ ಹೋಗಲಿ. ಮಟ್ಟವನ್ನು ಕೆಂಪು ದೀಪ ಹತ್ತುವವರೆಗೂ ಏರಿಸುವುದು ಟೇಪಿನ ಕಾಲದ ಅಭ್ಯಾಸ. ಈಗ ಏರಿದ ತುದಿ ಮೈನಸ್ ಹನ್ನೆರಡು ಡೆಸಿಬೆಲ್ಲಿನ ಹತ್ತಿರ ಇದ್ದರೆ ಧಾರಾಳವಾಯಿತು. ಕಂಪ್ಯೂಟರಿನಲ್ಲಿ ಒಮ್ಮೆ ಕತ್ತರಿಸಿಹೋದ ತುದಿ ಮತ್ತೆ ಬಾರದು.

ಹಾಗೆಂದು ಕತ್ತರಿಸಿದ ತುದಿಯೆಲ್ಲ ಕೆಟ್ಟದ್ದಲ್ಲ. ರಾಕ್ ಗಿಟಾರಿನ ಆ ಗೊರಗೊರ ದನಿ ಹುಟ್ಟಿದ್ದೇ ಹಾಳಾದ ಯಂತ್ರದಿಂದ. ಲಿಂಕ್ ರೇ ಎಂಬವನು 1958ರ ಸುಮಾರಿಗೆ ಆಂಪಿನ ಸ್ಪೀಕರಿಗೆ ತೂತು ಮಾಡಿದ. 1964ರಲ್ಲಿ ಕಿಂಕ್ಸ್ ತಂಡದ ಡೇವ್ ಡೇವಿಸ್ ಸ್ಪೀಕರಿನ ಕಾಗದವನ್ನು ಬ್ಲೇಡಿನಿಂದ ಸೀಳಿದ. ಅಲೆಯ ತುದಿ ಕತ್ತರಿಸಿದಾಗ ಅದರೊಳಗೆ ಹೊಸ ಮೇಲುಸ್ವರಗಳು ಹುಟ್ಟಿ ದನಿ ತುಂಬಿಕೊಳ್ಳುತ್ತದೆ. ಇದು ವಿದೇಶಿ ಹುಚ್ಚು ಎಂದು ಮೂಗು ಮುರಿಯುವವರು ನಮ್ಮ ಸಂಗೀತ ಕಛೇರಿಯ ತಂಬೂರಿಯ ಕುದುರೆಯ ಮೇಲೆ ತಂತಿಯಡಿ ಸಿಕ್ಕಿಸುವ ನೂಲಿನ ಎಳೆಯನ್ನು ನೆನೆಯಬೇಕು. ಅದೂ ತಂತಿಯನ್ನು ಬೇಕೆಂದೇ ಉಜ್ಜಿಸಿ ಮೇಲುಸ್ವರ ಎಬ್ಬಿಸುವ ಉಪಾಯ. ಜೀವಾಳಿ ಎಂದು ನಮ್ಮವರು ಅದಕ್ಕೆ ಎಷ್ಟು ಚಂದದ ಹೆಸರಿಟ್ಟಿದ್ದಾರೆ!

ಇನ್ನು ಗುಂಯ್‌ಗುಡುವ ಕಾಟ. ಗಿಟಾರನ್ನು ಚುಚ್ಚಿದ ಕೂಡಲೇ ಕೇಳುವ ಸಣ್ಣ ಗುಂಗು ನಮ್ಮ ಗೋಡೆಯೊಳಗಿನ ಐವತ್ತು ಹರ್ಟ್ಸಿನ ಕರೆಂಟು. ಪಿಕಪ್ಪು ತಂತಿಯನ್ನು ಹೇಗೆ ಹಿಡಿಯುತ್ತದೋ ಹಾಗೆಯೇ ಟ್ಯೂಬ್‌ಲೈಟಿನ ಚೋಕನ್ನೂ, ಫ್ಯಾನಿನ ರೆಗ್ಯುಲೇಟರನ್ನೂ ಹಿಡಿಯುತ್ತದೆ. 1955ರಲ್ಲಿ ಗಿಬ್ಸನ್ ಕಂಪನಿಯ ಸೆತ್ ಲವರ್ ಎರಡು ಸುರುಳಿಗಳನ್ನು ವಿರುದ್ಧವಾಗಿ ಜೋಡಿಸಿ, ಎರಡರ ಗುಂಗೂ ಒಂದನ್ನೊಂದು ಅಳಿಸುವಂತೆ ಮಾಡಿದ. ಅಂಥ ಪಿಕಪ್ಪು ಇಲ್ಲದಿದ್ದರೆ ಕುಳಿತ ಜಾಗದಲ್ಲೇ ನಿಧಾನವಾಗಿ ಸುತ್ತು ತಿರುಗಿ. ಯಾವುದೋ ಒಂದು ದಿಕ್ಕಿನಲ್ಲಿ ಗುಂಗು ತಗ್ಗುತ್ತದೆ, ಆ ಕಡೆಗೇ ಮುಖಮಾಡಿ ನುಡಿಸಿ. ಮನೆಯ ಅರ್ಥಿಂಗು ಸರಿಯಿದೆಯೆ ಎಂದು ವೈರಿಂಗಿನವರಿಂದ ನೋಡಿಸಿ. ಇದು ದನಿಯ ಮಾತಷ್ಟೇ ಅಲ್ಲ, ಜೀವದ ಮಾತು: ಉಕ್ಕಿನ ತಂತಿ ಹಿಡಿದ ಕೈಯೇ ಮೈಕನ್ನೂ ಮುಟ್ಟುತ್ತದೆ. ಕರೆಂಟು ಹೋದಾಗ ಅಗ್ಗದ ಇನ್ವರ್ಟರಿನಲ್ಲಿ ರೆಕಾರ್ಡು ಮಾಡುವ ಆಸೆ ಬೇಡ, ಅದರ ಗರಗಸದಂಥ ಸದ್ದು ಎಲ್ಲ ಟ್ರ್ಯಾಕಿನಲ್ಲೂ ಕೂರುತ್ತದೆ. ಲ್ಯಾಪ್‌ಟಾಪಿನ ಬ್ಯಾಟರಿಯೇ ಮೇಲು.

ಕೋಣೆಯ ಬಗ್ಗೆ ಎರಡೇ ಮಾತು. ಗೋಡೆಗೆ ಮೊಟ್ಟೆಯ ಟ್ರೇ ಅಂಟಿಸುವುದರಿಂದ ಹೇಳಿಕೊಳ್ಳುವ ಲಾಭವಿಲ್ಲ. ಅದರ ಬದಲು ನಮ್ಮ ಕುರುಬರ ದಪ್ಪ ಕಂಬಳಿಯನ್ನು ಗೋಡೆಯಿಂದ ಒಂದು ಗೇಣು ಮುಂದಕ್ಕೆ ಇಳಿಬಿಟ್ಟರೆ ಚೂಪು ಮಾರುದನಿ ಅಡಗುತ್ತದೆ. ಕೆಳದನಿ ಮಾತ್ರ ಕಂಬಳಿಗೆ ಜಗ್ಗುವುದಿಲ್ಲ. ಹತ್ತಡಿ ಅಗಲದ ಕೋಣೆ ಐವತ್ತಾರು ಹರ್ಟ್ಸಿನ ಹತ್ತಿರ, ಅದರ ದುಪ್ಪಟ್ಟಿನಲ್ಲಿ, ತಾನೇ ಮೊಳಗುತ್ತದೆ. ಅದಕ್ಕೆ ಆಂಪನ್ನು ಮೂಲೆಯಿಂದ ಈಚೆಗೆ ತಂದು, ಕುರ್ಚಿಯ ಮೇಲೆ ಎತ್ತಿ ಇಡುವುದೇ ಮದ್ದು.

ಯಳಂದೂರಿನ ಹುಡುಗನೊಬ್ಬ ಹೋದ ವರ್ಷ ನನ್ನನ್ನು ಕೇಳಿದ: 'ಸಾರ್, ಇಷ್ಟೆಲ್ಲ ಗೊತ್ತಾಯ್ತು. ನಮ್ಮ ಮಾದಪ್ಪನ ಹಾಡಿಗೆ ಗಿಟಾರು ಹಾಕಬಹುದಾ?' ಇಲ್ಲಿಗೆ ಬರಲಿ ಎಂದೇ ಇಷ್ಟು ಹೊತ್ತು ಯಂತ್ರದ ಮಾತಾಡಿದೆ.

ಈ ಸೀಮೆಯ ಹಾಡು ಎಂಥದೆಂದು ನಿಮಗೆ ನಾನು ಹೇಳಬೇಕಿಲ್ಲ. ಮಲೆಮಾದೇಶ್ವರನ ಕತೆ ಹಾಡುವ ದೇವರಗುಡ್ಡರ ಕೈಯಲ್ಲಿ ಕಂಸಾಳೆ. ಮಂಟೇಸ್ವಾಮಿ, ಸಿದ್ಧಪ್ಪಾಜಿಯರ ಕತೆ ಹಾಡುವ ನೀಲಗಾರರ ಕೈಯಲ್ಲಿ ತಂಬೂರಿ, ಗಗ್ಗರ. ಪುಷ್ಯದ ಹುಣ್ಣಿಮೆಗೆ ಚಿಕ್ಕಲ್ಲೂರಿನಲ್ಲಿ ಚಂದ್ರಮಂಡಲ ಹೊತ್ತುವುದನ್ನು ನೋಡಿದವರಿಗೆ, ಹನೂರಿನ ಮೇಲೆ ಹಾದು ಬೆಟ್ಟಕ್ಕೆ ನಡೆದವರಿಗೆ, ಆ ದನಿ ಕಿವಿಯಲ್ಲೇ ಇರುತ್ತದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಗೊರುಕನದ ಹಾಡು ಇನ್ನೊಂದು ಬಗೆಯದು. ಕುಣಿತದ ಹೆಜ್ಜೆಯಿಂದ ಬೇರೆ ಮಾಡಿ ಅದನ್ನು ಕೋಣೆಯೊಳಕ್ಕೆ ತರುವುದೇ ತಪ್ಪೆಂದು ನನಗೆ ತೋರುತ್ತದೆ. ಮೈಕೇ ಅಲ್ಲಿಗೆ ಹೋಗಬೇಕು.

ಮಾದೇಶ್ವರನ ಕಾವ್ಯ ಸಾಲುಸಾಲಾಗಿದೆ: ಶ್ರವಣನ ಸಾಲು, ಸಂಕಮ್ಮನ ಸಾಲು, ಜುಂಜೇಗೌಡನ ಸಾಲು, ಇಕ್ಕೇರಿ ದೇವಮ್ಮನ ಸಾಲು, ಹೀಗೆ. ಒಂದು ಸಾಲಿಗೇ ರಾತ್ರಿ ಸಾಲದು. ಪಿ.ಕೆ. ರಾಜಶೇಖರರು ಇದನ್ನು ಸಂಗ್ರಹಿಸಿ 1973ರಲ್ಲಿ ಪ್ರಕಟಿಸಿದಾಗ ಕನ್ನಡದ ಓದುಗರು ಬೆರಗಾದರು. ತೊಂಬತ್ತರ ದಶಕದಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯಕ್ಕಾಗಿ ಕೆ. ಕೇಶವನ್ ಪ್ರಸಾದರು ಹೆಬ್ಬಣಿ ಮಾದಯ್ಯ ಮತ್ತು ಸಂಗಡಿಗರು ಹಾಡಿದ್ದನ್ನು ಸಂಪಾದಿಸಿದರು, ಹಿ.ಚಿ. ಬೋರಲಿಂಗಯ್ಯನವರು ಮಂಟೇಸ್ವಾಮಿ ಕಾವ್ಯವನ್ನು ತಂದರು. ಮಾದಯ್ಯನವರ ಪಾಠವನ್ನು ಸಿ.ಎನ್. ರಾಮಚಂದ್ರನ್ ಮತ್ತು ಎಲ್.ಎನ್. ಭಟ್ಟರು ಇಂಗ್ಲಿಷಿಗೆ ತಿರುಗಿಸಿದ್ದನ್ನು ಸಾಹಿತ್ಯ ಅಕಾಡೆಮಿ 2001ರಲ್ಲಿ ಪ್ರಕಟಿಸಿತು. ಇವರಿಗೆಲ್ಲ ನಾವು ಋಣಿಗಳು. ಆದರೂ ಪುಸ್ತಕದಲ್ಲಿ ಉಳಿದದ್ದು ಮಾತು. ಸಂಗಡಿಗರು ಸೊಲ್ಲು ಹಿಡಿದಾಗ ಮೇಲಕ್ಕೇರುವ ಶ್ರುತಿ, ಬೆಳಗಿನ ಜಾವಕ್ಕೆ ಚುರುಕಾಗುವ ತಾಳ, ಗಗ್ಗರದ ಗಿಲಕು, ಇವು ಅಚ್ಚಿನ ಮೊಳೆಗೆ ಸಿಗುವಂಥವಲ್ಲ.

ಕ್ಯಾಸೆಟ್ಟಿನ ಕಾಲದಲ್ಲಿ ಹಾಡು ಬಸ್‌ಸ್ಟಾಂಡಿನ ಅಂಗಡಿಗೆ ಬಂತು, ಒಂದು ಬದಿಗೆ ಅರ್ಧ ಗಂಟೆ ಎಂಬ ಅಳತೆಯೂ ಬಂತು. ಸಿನಿಮಾ ಇನ್ನೂ ಮೊಟಕು ಮಾಡಿತು. 1996ರ 'ಜನುಮದ ಜೋಡಿ'ಯಲ್ಲಿ ವಿ. ಮನೋಹರ್ ಸಂಗೀತದಲ್ಲಿ ಎಲ್.ಎನ್. ಶಾಸ್ತ್ರಿ ಹಾಡಿದ ಕೋಲುಮಂಡೆ ಜಂಗಮನ ಹಾಡು ಅವರಿಗೆ ರಾಜ್ಯ ಪ್ರಶಸ್ತಿ ತಂದಿತು. ಈ ಸೀಮೆಯ ಪದ ನಾಡಿಗೆಲ್ಲ ಗೊತ್ತಾದದ್ದರಲ್ಲಿ ಅದರ ಪಾಲಿದೆ. ಅದೇ ಪದದ ರ‍್ಯಾಪ್ ರೂಪವೊಂದು 2020ರಲ್ಲಿ ಬಂದಾಗ, ಸಂಕಮ್ಮನನ್ನು ದೃಶ್ಯದಲ್ಲಿ ತೋರಿಸಿದ ಬಗೆಗೆ ಭಕ್ತರು ಸಿಟ್ಟಾದರು. ಹಾಡಿದವರು ಕ್ಷಮೆ ಕೇಳಿ ಅದನ್ನು ಹಿಂತೆಗೆದುಕೊಂಡರು. ಆ ಗಲಾಟೆಯಲ್ಲಿ ಎಲ್ಲರೂ ಮಾತಾಡಿದ್ದು ಕಣ್ಣಿಗೆ ಕಂಡದ್ದರ ಬಗ್ಗೆ. ಕಿವಿಗೆ ಏನಾಗುತ್ತಿದೆ ಎಂಬುದರ ಬಗ್ಗೆ ಅಷ್ಟು ಗಲಾಟೆ ಆಗುವುದಿಲ್ಲ. ಅದು ಸದ್ದಿಲ್ಲದೆ ಆಗುತ್ತದೆ. ನನ್ನ ಕೋಣೆಯಲ್ಲೇ ಆಗಿದೆ.

ಕೆಲವು ವರ್ಷದ ಹಿಂದಿನ ಮಾತು. ತಂಬೂರಿ ಹಾಡುವ ಹಿರಿಯರೊಬ್ಬರನ್ನು ಮನೆಗೆ ಕರೆತಂದೆ. ನನ್ನ ಗಿಟಾರಿನ ಟ್ರ್ಯಾಕು ಮೊದಲೇ ಸಿದ್ಧವಿತ್ತು, ಅದು ಡಿ ಶ್ರುತಿ. ನಿಮಿಷಕ್ಕೆ ತೊಂಬತ್ತಾರು ಬಡಿತದ ಕ್ಲಿಕ್ಕು. ಅವರ ಕಿವಿಗೆ ಹೆಡ್‌ಫೋನು ಹಾಕಿ, 'ಅಜ್ಜ, ಈ ಟಿಕ್ ಟಿಕ್ ಜೊತೆಗೆ ಹಾಡಿ' ಎಂದೆ. ತಂಬೂರಿಯ ಬಿರಡೆಯನ್ನೂ ನಾನೇ ತಿರುಗಿಸಿ ಡಿಗೆ ಏರಿಸಿಕೊಟ್ಟೆ. ಅವರು ಮರುಮಾತಾಡದೆ ಹಾಡಿದರು. ಎರಡು ಸೊಲ್ಲು ಕಳೆಯುವುದರೊಳಗೆ ಕುತ್ತಿಗೆಯ ನರ ಉಬ್ಬಿತು. ಕತೆಯ ನಡುವೆ ಅವರು ತಡೆದು ನಿಲ್ಲಬೇಕಾದ ಕಡೆ ಕ್ಲಿಕ್ಕು ನಿಲ್ಲಲಿಲ್ಲ, ಅದರ ಹಿಂದೆ ಓಡಿದರು. ಮುಗಿದ ಮೇಲೆ ಕೇಳಿಸಿದೆ. ಹೊತ್ತು ಸುಮ್ಮನಿದ್ದು, 'ಇದ್ಯಾರ ದನಿ ಮೊಗ?' ಅಂದರು. 'ನಿಮ್ಮದೇ ಅಜ್ಜ' ಅಂದೆ. 'ನನ್ ದನಿ ಎಲ್ಲಿಗೋ ವೋಯ್ತಲ್ಲಾ. ನಿನ್ ಗಿಟಾರ್ಗ ನಾ ಹಾಡ್ಬೇಕಾ, ನನ್ ಪದುಕ್ಕ ಅದು ನುಡೀಬೇಕಾ, ನೀನೇ ಯೋಳು' ಎಂದವರೇ ತಂಬೂರಿಯ ಬಿರಡೆಯನ್ನು ಮತ್ತೆ ತಮ್ಮ ಜಾಗಕ್ಕೆ ಇಳಿಸತೊಡಗಿದರು.

ನನಗೆ ನಾಚಿಕೆಯಾಯಿತು. ಆ ಟ್ರ್ಯಾಕನ್ನು ಅಳಿಸಿದೆ. ಅಷ್ಟಕ್ಕೇ ಬಿಟ್ಟಿದ್ದರೆ 'ನಮ್ಮ ಹಾಡಿಗೆ ಗಿಟಾರು ಒಗ್ಗದು' ಎಂಬ ತೀರ್ಮಾನಕ್ಕೆ ಬರಬೇಕಿತ್ತು. ಅದನ್ನು ಹೇಳುವ ವಿದ್ವಾಂಸರು ಇದ್ದಾರೆ. ನನಗೆ ಆ ಮಾತು ಒಪ್ಪಿಗೆಯಿಲ್ಲ. ನಮ್ಮ ಯು. ಶ್ರೀನಿವಾಸ್ ಎಲೆಕ್ಟ್ರಿಕ್ ಮ್ಯಾಂಡೊಲಿನ್ನಿನಲ್ಲಿ ಕರ್ನಾಟಕ ಸಂಗೀತದ ಗಮಕ ನುಡಿಸಿ ತೋರಿಸಲಿಲ್ಲವೆ? ಪಿಟೀಲು ಎಲ್ಲಿಯದು? ಬಂದ ವಾದ್ಯ ಯಾರ ಶ್ರುತಿಗೆ ಬಾಗುತ್ತದೆ ಎಂಬುದು ಪ್ರಶ್ನೆ. ಎಲೆಕ್ಟ್ರಿಕ್ ಗಿಟಾರಿಗಂತೂ ಸ್ವಂತ ದನಿಯೇ ಇಲ್ಲವೆಂದು ಆಗಲೇ ಕಂಡೆವು. ಬಾಗಲು ಅದಕ್ಕಿಂತ ಅನುಕೂಲದ ವಾದ್ಯ ಇನ್ನೊಂದಿಲ್ಲ.

ಮುಂದಿನ ತಿಂಗಳು ಅವರನ್ನು ಮತ್ತೆ ಬೇಡಿಕೊಂಡೆ. ಈ ಸಲ ಗಿಟಾರನ್ನು ಮುಟ್ಟಲೇ ಇಲ್ಲ. ಚಾಪೆ ಹಾಸಿ, ಹಿಂದೆ ಕಂಬಳಿ ಕಟ್ಟಿ, ಅವರ ಜೊತೆಯವರನ್ನೂ ಕೂರಿಸಿ, ಅವರ ಶ್ರುತಿ, ಅವರ ಓಟದಲ್ಲೇ ಹಾಡಿಸಿದೆ. ಹೆಡ್‌ಫೋನೂ ಇಲ್ಲ, ಕ್ಲಿಕ್ಕೂ ಇಲ್ಲ. ಬಾಯಿಯ ಮುಂದೆ ಒಂದು ಮೈಕು, ತಂಬೂರಿಯ ಹೊಟ್ಟೆಯತ್ತ ಒಂದು ಮೈಕು. ನಲವತ್ತು ನಿಮಿಷ ಹಾಡಿದರು.

ಆಮೇಲೆ ಅಳೆದು ನೋಡಿದೆ. ಅವರ ಷಡ್ಜ ಗಿಟಾರಿನ ಸಿ ಮತ್ತು ಸಿ ಶಾರ್ಪ್ ಎಂಬ ಎರಡು ಮೆಟ್ಟಿಲುಗಳ ನಡುವೆ ಇತ್ತು. ಸಿ ಶಾರ್ಪಿಗಿಂತ ನಲವತ್ತು ಸೆಂಟು ಕೆಳಗೆ. (ಅರ್ಧ ಸ್ವರವನ್ನು ನೂರು ಪಾಲು ಮಾಡಿದರೆ ಒಂದು ಪಾಲಿಗೆ ಸೆಂಟು ಎನ್ನುತ್ತಾರೆ.) ಇಂಥ ಕಡೆ ಹಾಡುಗಾರನ ದನಿಯನ್ನು ಕಂಪ್ಯೂಟರಿನಲ್ಲಿ ಎಳೆದು ಸರಿಮಾಡುವವರಿದ್ದಾರೆ. ಆ ಹೆಸರಿನಲ್ಲಿ ಕೆಡಿಸುವುದು ಅದು. ನಾನು ಮಾಡಿದ್ದು ಇಷ್ಟೇ: ಟ್ಯೂನರಿನಲ್ಲಿ ಎ ಸ್ವರದ ಅಳತೆ 440 ಎಂದಿರುತ್ತದೆಯಲ್ಲ, ಅದನ್ನು 430ಕ್ಕೆ ಇಳಿಸಿದೆ. ಆರೂ ತಂತಿಗಳನ್ನು ಆ ಅಳತೆಗೆ ಸಡಿಲಿಸಿ ನಾಲ್ಕನೆಯ ಮೆಟ್ಟಿಲಲ್ಲಿ ಕೇಪೊ ಹಾಕಿದೆ. ಬೆರಳಿಗೆ ಅದು ಎ ಶ್ರುತಿಯ ಆಟ, ಕಿವಿಗೆ ಅಜ್ಜನ ಷಡ್ಜ. ಐದು ನಿಮಿಷದ ಕೆಲಸ. ಮೊದಲ ಸಲ ಆ ಐದು ನಿಮಿಷ ನನಗೆ ಯಾಕೆ ಹೊಳೆಯಲಿಲ್ಲವೋ!

ಗಿಟಾರಿನ ಮೆಟ್ಟಿಲುಗಳು ಒಂದು ಸಪ್ತಕವನ್ನು ಹನ್ನೆರಡು ಸಮ ಪಾಲು ಮಾಡುತ್ತವೆ. ತಂಬೂರಿಯ ಮೇಲುಸ್ವರಗಳು ಪ್ರಕೃತಿಯ ಲೆಕ್ಕದವು. ಪಂಚಮದಲ್ಲಿ ಎರಡಕ್ಕೂ ಇರುವ ವ್ಯತ್ಯಾಸ ಎರಡೇ ಸೆಂಟು, ಯಾರ ಕಿವಿಗೂ ತಿಳಿಯದು. ಅಂತರ ಗಾಂಧಾರದಲ್ಲಿ ಹದಿನಾಲ್ಕು ಸೆಂಟು, ಅದು ಕಿವಿಗೆ ಕಚ್ಚುತ್ತದೆ. ಹಾಗಾಗಿ ತಂಬೂರಿಯ ಜೊತೆಗೆ ಗಿಟಾರಿನಲ್ಲಿ ತುಂಬು ಸ್ವರಮೇಳ ಬಾರಿಸಿದರೆ ಏನೋ ಹುಳಿ ಹುಳಿ; ಷಡ್ಜ ಪಂಚಮ ಎರಡನ್ನೇ ಹಿಡಿದರೆ ಹಾಲಿಗೆ ಹಾಲು ಬೆರೆತಂತೆ. ರಾಕ್ ಸಂಗೀತದ ಹುಡುಗರು ಪವರ್ ಕಾರ್ಡ್ ಎನ್ನುವುದು ಇದನ್ನೇ. ಅವರೂ ಗಾಂಧಾರವನ್ನು ಬಿಡುವುದು ಇಂಥದೇ ಕಾರಣಕ್ಕೆ, ಗೊರಗೊರ ದನಿಯಲ್ಲಿ ಗಾಂಧಾರ ಸೇರಿದರೆ ಕೆಸರಾಗುತ್ತದೆ. ನೀಲಗಾರರ ಮುತ್ತಾತನಿಗೂ ಲಂಡನ್ನಿನ ಗಿಟಾರು ಹುಡುಗನಿಗೂ ಬೇಕಾದ ಸ್ವರಗಳು ಅವೇ ಎರಡು ಎಂದು ತಿಳಿದ ದಿನ ನನಗೆ ಬಹಳ ಸಂತೋಷವಾಯಿತು.

ಕಂಸಾಳೆಯನ್ನು ಹಿಡಿಯುವುದು ಇನ್ನೂ ನಾಜೂಕು. ಕಂಚಿನ ಬಟ್ಟಲಿಗೆ ತಟ್ಟೆ ಬಡಿದ ಕ್ಷಣದ ತುದಿ ಸಿಡಿಲಿನಂತೆ ಏರುತ್ತದೆ. ಮೈಕು ನಾಲ್ಕೈದು ಅಡಿ ದೂರವಿರಲಿ, ನೇರ ಗುರಿಯಿಡದೆ ಓರೆಯಾಗಿರಲಿ. ಕಂಸಾಳೆಯ ಹೊಳಪೂ ಗಿಟಾರಿನ ಕಚ್ಚೂ ಮೂರು ಸಾವಿರ ಹರ್ಟ್ಸಿನ ಸುತ್ತಮುತ್ತ ಒಂದೇ ಜಾಗಕ್ಕೆ ಜಗಳಾಡುತ್ತವೆ. ಆಗ ಕಂಸಾಳೆಯನ್ನು ಏರಿಸುವುದಲ್ಲ, ಗಿಟಾರಿನಲ್ಲಿ ಆ ಜಾಗವನ್ನು ತಗ್ಗಿಸಿ. ಗಿಟಾರಿಗೆ ಹಿಡಿಯಲು ಬೇರೆ ಜಾಗವುಂಟು. ಕಂಸಾಳೆಗೆ ಇರುವುದು ಅದೊಂದೇ.

ದುಡ್ಡಿನ ಮಾತನ್ನೂ ಆಡಿಬಿಡುತ್ತೇನೆ. ಪದ ಎಲ್ಲರದು, ಅದಕ್ಕೆ ಒಡೆಯರಿಲ್ಲ ಎಂದು ಹೇಳಿ ಹಾಡಿದವರ ಹೆಸರನ್ನೇ ಕೈಬಿಡುವುದು ನಮ್ಮಲ್ಲಿ ಮಾಮೂಲಾಗಿದೆ. ಪದ ಪರಂಪರೆಯದು, ಸರಿ. ಹಾಡಿಕೆ ಹಾಡಿದವರದು. 1957ರ ಕೃತಿಸ್ವಾಮ್ಯ ಕಾಯ್ದೆಗೆ 1994ರಲ್ಲಿ ಆದ ತಿದ್ದುಪಡಿಯಿಂದ ಕಲಾವಿದರಿಗೆ ತಮ್ಮ ಹಾಡಿಕೆಯ ಮೇಲೆ ಹಕ್ಕು ಬಂದಿದೆ. 2012ರ ತಿದ್ದುಪಡಿ ವ್ಯಾಪಾರಕ್ಕೆ ಬಳಸಿದರೆ ಗೌರವಧನದ ಪಾಲನ್ನೂ, ಹೆಸರು ಹೇಳಿಸಿಕೊಳ್ಳುವ ಹಕ್ಕನ್ನೂ ಸೇರಿಸಿತು. ಗಿಟಾರಿನ ಹುಡುಗರೆ, ಅಂತರ್ಜಾಲಕ್ಕೆ ಹಾಡು ಏರಿಸುವಾಗ ನಿಮ್ಮ ತಂಡದ ಹೆಸರಿಗಿಂತ ಮೊದಲು ಹಾಡಿದವರ ಹೆಸರು, ಅವರ ಊರು ಬರಲಿ. ಏನು ಕೊಡುತ್ತೀರೆಂದು ಮೊದಲೇ ಮಾತಾಡಿ, ಒಂದು ಹಾಳೆಯ ಮೇಲೆ ಬರೆದುಕೊಳ್ಳಿ. ಗಿಟಾರಿಲ್ಲದ ಮೂಲ ಹಾಡಿಕೆಯ ಪ್ರತಿಯೊಂದನ್ನು ಪೆನ್‌ಡ್ರೈವಿನಲ್ಲಿ ಅವರ ಮನೆಗೆ ತಲುಪಿಸಿ. ನಾಳೆ ಅವರ ಮೊಮ್ಮಗ ಕಲಿಯುವುದು ಅದರಿಂದ.

ಅಜ್ಜನ ಹಾಡಿಗೆ ಗಿಟಾರು ಸೇರಿಸಿದ ಮೇಲೆ ಅವರ ಹಟ್ಟಿಗೇ ಒಯ್ದು ಕೇಳಿಸಿದೆ. ಹತ್ತಾರು ಜನ ಸುತ್ತ ಸೇರಿದ್ದರು. ಅಜ್ಜ ಕಣ್ಣುಮುಚ್ಚಿ ಕೇಳುತ್ತಾ ಒಂದು ಕಡೆ ಕೈಯೆತ್ತಿದರು. 'ಇಲ್ಲಿ ನಿಂದು ಜೋರಾಯ್ತು ಮೊಗ. ಇನ್ನೊಂಚೂರು ಇಳ್ಸು. ಅವ್ವ ಅಳೋ ಜಾಗ ಅದು.' ಇಳಿಸಿದೆ. ಇನ್ನೂ ಇಳಿಸು ಅಂದರು. ಮೂರನೆಯ ಸಲಕ್ಕೆ ಆ ಜಾಗದಲ್ಲಿ ಗಿಟಾರನ್ನು ಪೂರ್ತಿ ತೆಗೆದೇಬಿಟ್ಟೆ. 'ಹಾಂ, ಈಗ ಆಯ್ತು. ಮುಂದುಕ್ಕ ನುಡೀಲಿ ಬುಡು' ಅಂದರು.

ಆ ಹಾಡಿನ ಒಂದು ಸೊಲ್ಲನ್ನು ಈಗ ಕೇಳಿಸುತ್ತೇನೆ. ಕರೆಂಟು ಇದೆಯಷ್ಟೆ? ಹಿಂದಿನ ಸಾಲಿನವರು ಸ್ವಲ್ಪ ಮುಂದೆ ಬನ್ನಿ. ಫ್ಯಾನು ಆರಿಸಿ.